ನಾಲ್ಕನೇ ದಿನಕ್ಕೆ ನಿಂತ ಸಿಗ್ನಲ್

"ಈ ಪ್ಲ್ಯಾನ್ ನಾ ನಿಮಗ ಕೊಡೂದಿಲ್ರಿ."

ಶಿವಲೀಲಾ ತಲೆ ಎತ್ತಿದಳು. ಕೌಂಟರಿನ ಆಚೆ ನಿಂತಿದ್ದವನು ಅವಳ ಫೋನನ್ನು ಗಾಜಿನ ಮೇಲೆ ಬೋರಲು ಇಟ್ಟಿದ್ದ. ಒಂದು ನಿಮಿಷದ ಹಿಂದೆ ನಗುತ್ತಾ ಮಾತಾಡಿಸಿದ್ದ ಮುಖ ಈಗ ಬಿಳುಚಿಕೊಂಡಿತ್ತು.

"ಯಾಕ್ರಿ? ಖಾಲಿ ಆಗೇತೇನು?"

"ಇ-ಸಿಮ್ ಖಾಲಿ ಆಗೂ ಮಾಲಲ್ರಿ. ಐತಿ. ಆದ್ರ ನಿಮಗ ಕೊಡೂದಿಲ್ಲ."

ಸೋಮವಾರದ ಮಧ್ಯಾಹ್ನ. ಊಟದ ಬಿಡುವಿನಲ್ಲಿ ಬಂದಿದ್ದಳು. ಅವಳು ಕೆಲಸ ಮಾಡುವ ರಕ್ತ ತಪಾಸಣೆಯ ಲ್ಯಾಬ್ ಕೇಶ್ವಾಪುರದ ಅದೇ ಸಾಲಿನಲ್ಲಿ ನಾಲ್ಕು ಅಂಗಡಿ ಆಚೆ ಇತ್ತು. ಉಮ್ರಾ ಯಾತ್ರೆಗೆ ಹೋಗುವವರು, ದುಬೈಗೆ ಹೋಗುವವರು, ನೇಪಾಳಕ್ಕೆ ಯಾತ್ರೆ ಹೋಗುವವರು, ಎಲ್ಲರೂ ಈ ಕಲ್ಲೇಶನ ಮೊಬೈಲ್ ಅಂಗಡಿಗೇ ಬರುತ್ತಿದ್ದರು. ಹೊರದೇಶದಲ್ಲಿ ಬೇಕಾಗುವ ಡೇಟಾ ಪ್ಲ್ಯಾನನ್ನು ಇಲ್ಲೇ ಫೋನಿಗೆ ಹಾಕಿ ಕೊಡುತ್ತಿದ್ದ. ಅಲ್ಲಿ ಇಳಿದ ಮೇಲೆ ಆನ್ ಮಾಡಿದರೆ ಸಾಕು. ಚಿಕ್ಕ ಸಿಮ್ಮನ್ನು ಪಿನ್ನಿನಿಂದ ತೆಗೆದು, ಕಳೆದುಕೊಂಡು, ಹುಡುಕುವ ಗೋಜಿಲ್ಲ.

ಈಗಲೂ ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದ. ಅವಳ ಫೋನಿಗೆ ಇ-ಸಿಮ್ ಹಿಡಿಯುತ್ತದೋ ಇಲ್ಲವೋ ನೋಡಿದ. ಎಷ್ಟು ದಿನ ಎಂದು ಕೇಳಿದ. ಯಾವ್ಯಾವ ದೇಶ ಎಂದು ಕೇಳಿದಾಗ ಅವಳು ತನಗೆ ಬ್ಯಾಂಕಾಕಿನಲ್ಲಿ ಕೆಲಸ ಕೊಟ್ಟ ಕಂಪನಿಯ ಮೇಡಂ ಕಳಿಸಿದ ಸಂದೇಶವನ್ನೇ ತೆರೆದು ತೋರಿಸಿದ್ದಳು.

ಥೈಲ್ಯಾಂಡ್, ಲಾವೋಸ್, ಕಾಂಬೋಡಿಯಾ, ಮ್ಯಾನ್ಮಾರ್. ಮೂವತ್ತು ದಿನ. ಹತ್ತು ಜಿಬಿ.

ಅದನ್ನು ಓದಿದ ಮೇಲೆಯೇ ಅವನು ಫೋನನ್ನು ಬೋರಲು ಇಟ್ಟದ್ದು.

"ಬ್ಯಾಂಕಾಕ್‌ನ್ಯಾಗ ಕೆಲಸಾ ಅಂದ್ರಿ," ಎಂದ ಕಲ್ಲೇಶ, ದನಿ ತಗ್ಗಿಸಿ. "ಒಂದ ಊರಾಗ ಕುಂತು ಕೆಲಸಾ ಮಾಡೋರಿಗೆ ನಾಕು ದೇಶದ ಪ್ಲ್ಯಾನ್ ಯಾಕ ಬೇಕ್ರಿ?"

"ಸುತ್ತಲಿನ ದೇಶದಾಗ ಆರೋಗ್ಯದ ಕ್ಯಾಂಪ್ ಇರ್ತಾವಂತ. ಸ್ಯಾಂಪಲ್ ತರಾಕ ಹೋಗಬೇಕು. ನಾ ಲ್ಯಾಬ್ ಟೆಕ್ನಿಶಿಯನ್."

"ಹಂಗಿದ್ರ ಕಂಪನಿಯವರು ಅಲ್ಲೇ ಲೋಕಲ್ ಸಿಮ್ ಕೊಡಿಸಬೇಕ್ರಿ. ಅದಕ್ಕ ಪಾಸ್‌ಪೋರ್ಟ್ ತೋರಿಸಬೇಕು, ನಿಮ್ಮ ಹೆಸರಿಗೆ ಒಂದು ನಂಬರ್ ಆಗತೈತಿ. ನೀವು ಇಂಥಾ ದೇಶದಾಗ ಅದೀರಿ ಅಂತ ಒಂದ ಕಡೆ ಬರದಿರತೈತಿ. ಇದರಾಗ ನಂಬರ್ ಇಲ್ಲ, ಬರೇ ಡೇಟಾ. ಮುಗೀತಂದ್ರ ನೀವು ಎಲ್ಲೀನೂ ಇಲ್ಲ."

*ಎಲ್ಲೀನೂ ಇಲ್ಲ...* ಆ ಮಾತು ಅವಳಿಗೆ ಚುಚ್ಚಿತು. ತೋರಗೊಡಲಿಲ್ಲ.

"ಇಲ್ಲಿ ಸಿಮ್ ಐತಲ್ರಿ ನಂದು."

"ಅದಕ್ಕ ರೋಮಿಂಗ್ ಹಾಕಿಸ್ಕೊಂಡು ಬಾ ಅಂದಾರೇನು?"

"ಇಲ್ಲ. ತಗದು ಮನ್ಯಾಗ ಇಟ್ಟು ಬಾ ಅಂದಾರ. ಸುಮ್ಮನ ಖರ್ಚು ಅಂತ."

ಕಲ್ಲೇಶ ಕೌಂಟರಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ.

"ಈ ಪಟ್ಟಿ ನಾ ಮೊದಲ ನೋಡೇನಿ," ಎಂದ ಕೊನೆಗೆ. "ಇದ ನಾಕು ದೇಶ, ಇದ ಸಾಲು, ಇದ ಹತ್ತು ಜಿಬಿ. ಎರಡು ತಿಂಗಳಾತು."

"ಯಾರು ತಂದಿದ್ರು?"

"ಅದು ಇನ್ನೊಬ್ಬರ ಮನಿ ವಿಷಯರಿ. ಯಾರ ಮುಂದೂ ಹೇಳಬ್ಯಾಡ ಅಂತ ಆಕಿ ಅಪ್ಪಾರು ಕೈ ಮುಗದು ಹೇಳ್ಯಾರ. ನನಗೂ ಖಾತ್ರಿ ಇಲ್ಲ... ಆದ್ರ ನೀವು ಹೋಗಬ್ಯಾಡ್ರಿ."

ಆ ಕೊನೆಯ ಮಾತಿನಲ್ಲಿ ಅಂಗಡಿಯವನ ದನಿ ಇರಲಿಲ್ಲ. ಅವಳು ಅವನ ಕಣ್ಣನ್ನು ನೋಡಿದಳು. ಅವನು ನೋಟ ತಪ್ಪಿಸಿದ.

ಅಷ್ಟರಲ್ಲಿ ಕೌಂಟರಿನ ಮೇಲಿದ್ದ ಅವನ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಅವಳಿಗೆ ಚೆನ್ನಾಗಿ ಗೊತ್ತಿದ್ದ ಮುಖ ಮೂಡಿತ್ತು. ಕೆಳಗೆ ಹೆಸರು: ಶಿವಯೋಗೀಶ, ದುರ್ಗದಬೈಲ್.

"ನಮ್ಮಣ್ಣ ನಿಮಗ್ಯಾಕ ಫೋನ್ ಹಚ್ಚತಾನ?"

ಕಲ್ಲೇಶನ ಕಿವಿ ಕೆಂಪಾದವು. "ಅದು... ನಿಮ್ಮ ಮನ್ಯಾಗ ಕೇಳ್ರಿ."

ಶಿವಲೀಲಾ ತನ್ನ ಫೋನು ತೆಗೆದುಕೊಂಡು ಅಂಗಡಿಯಿಂದ ಇಳಿದಳು.

*

ಸಂಜೆ ಗೋಕುಲ ರಸ್ತೆಯ ಮನೆಯಲ್ಲಿ ಶಿವಯೋಗೀಶ ಏನನ್ನೂ ಮುಚ್ಚಿಡಲಿಲ್ಲ. ತಂದೆ ತೀರಿದ ಮೇಲೆ ದುರ್ಗದಬೈಲಿನ ಸೀರೆ ಅಂಗಡಿಯನ್ನೂ ಮನೆಯನ್ನೂ ಅವನೇ ನಡೆಸುತ್ತಿದ್ದ.

"ಹೌದು, ನಿನಗ ಅಂತ ನೋಡಿದ ಹುಡುಗ ಅಂವನ. ಅವರವ್ವನ್ನ ರಕ್ತಾ ತಪಾಸಣಿಗೆ ನಿಮ್ಮ ಲ್ಯಾಬಿಗೆ ಕರಕೊಂಡು ಬಂದಾಗ ನಿನ್ನ ನೋಡ್ಯಾನ. ಅವರಾಗೇ ಕೇಳಿಕೊಂಡು ಬಂದ್ರು. ಬೇಡಿದ್ದೇನೂ ಇಲ್ಲ. ಅಂಥವರು ಎಲ್ಲಿ ಸಿಗ್ತಾರ?"

"ನನಗ ಯಾಕ ಹೇಳಲಿಲ್ಲ?"

"ನೀ ಹುಡುಗನ ಹೆಸರು ಕೇಳೂದ್ರಾಗ ಬ್ಯಾಡ ಅಂತಿ. ಇದು ಆರನೇದು. ಅದಕ್ಕ ಶನಿವಾರ ನೀ ವಿಮಾನ ಹತ್ತೂದ್ರೊಳಗ ಹೆಂಗರೆ ಮಾಡಿ ಒಮ್ಮೆ ಭೇಟಿ ಮಾಡಸೂಣು ಅಂತಿದ್ದೆ."

"ಭೇಟಿ ಆತು ತೊಗೊ," ಎಂದಳು ಶಿವಲೀಲಾ. "ನಾ ಹೋಗಬಾರದಂತ. ಹೋದ್ರ ಎಲ್ಲೀನೂ ಇಲ್ಲದಂಗ ಆಗ್ತೀನಂತ. ಛಲೋ ಹೆದರಸ್ತಾನ ನಿನ್ನ ಹುಡುಗ."

"ನಾ ಏನೂ ಹೇಳಿಕೊಟ್ಟಿಲ್ಲವಾ. ನಮ್ಮಪ್ಪನ ಆಣಿ."

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎದೆಯಲ್ಲಿ ಉರಿ. ಅವನು ಮೊದಲು ನಗುತ್ತಾ ಮಾತಾಡಿಸಿದಾಗ ಒಂದು ಕ್ಷಣ ತನಗೂ ಹಿತವಾಗಿತ್ತಲ್ಲ, ಅದು ನೆನಪಾಗಿ ಇನ್ನಷ್ಟು ಉರಿ.

ಇಪ್ಪತ್ತೇಳು ವರ್ಷ. ಆರು ವರ್ಷದಿಂದ ಅದೇ ಲ್ಯಾಬ್, ಅದೇ ಬೆಂಚು. ತನ್ನ ಕೆಲಸ ತನ್ನನ್ನು ಎಲ್ಲಿಯವರೆಗೆ ಕರೆದೊಯ್ಯಬಲ್ಲದು ಎಂದು ಒಮ್ಮೆಯಾದರೂ ನೋಡಬೇಕೆಂಬ ಆಸೆ ಅವಳಿಗಿತ್ತು. ಆ ದಾರಿ ತೋರಿಸಿದವಳು ಅಲ್ಫಿಯಾ. ಮೊದಲ ದಿನದಿಂದ ಪಕ್ಕದ ಬೆಂಚಿನಲ್ಲಿ ಕೂತವಳು, ಕೆಲಸ ಕಲಿಸಿದವಳು, ಅಕ್ಕನಂಥವಳು. ಎರಡು ತಿಂಗಳ ಹಿಂದೆ ಅದೇ ಕಂಪನಿಗೆ ಹೋಗಿದ್ದಳು. ಈಗ ಶಿವಲೀಲಾಳನ್ನೂ ಕರೆಯುತ್ತಿದ್ದಳು.

ರೋಗಿಯ ಸ್ಯಾಂಪಲ್ ಮುಟ್ಟುವ ಮುಂಚೆ ಅಲ್ಫಿಯಾ ಕಲಿಸಿದ ಪಾಠ ಒಂದಿತ್ತು. ಫಲಿತಾಂಶದಿಂದ ಯಾರಿಗೆ ಲಾಭವಿದೆಯೋ ಅವರ ಮಾತಿನ ಮೇಲೆ ವರದಿ ಬರೆಯಬಾರದು.

ತಾನು ಉಳಿದರೆ ಕಲ್ಲೇಶನಿಗೆ ಲಾಭ. ಮುಗಿಯಿತು. ಅವನ ಮಾತಿಗೆ ಬೆಲೆ ಸೊನ್ನೆ.

ಅಂಗಡಿಯ ನಂಬರಿಗೆ ಒಂದು ಸಂದೇಶ ಕಳಿಸಿದಳು. "ಹುಡುಗಿ ಬೇಕಿದ್ರ ಹುಡುಗಿನ್ನ ಕೇಳ್ರಿ. ಹೆದರಿಸಿ ನಿಲ್ಲಸಬ್ಯಾಡ್ರಿ."

ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

*

ಮಂಗಳವಾರ ಅವಳೇ ಪ್ಲ್ಯಾನ್ ಆರಿಸಲು ಕೂತಳು. ಇಂಟರ್ನೆಟ್ಟಿನಲ್ಲಿ ನೂರು ಸಿಗುತ್ತವೆ, ಒಬ್ಬ ಅಂಗಡಿಯವನ ಹಂಗೇಕೆ?

ಲ್ಯಾಬಿನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆದು ಒಂದೊಂದನ್ನೇ ಬರೆದುಕೊಂಡಳು. ದಿನದ ಲೆಕ್ಕ ಫೋನಿಗೆ ಹಾಕಿದಾಗಿನಿಂದಲೋ, ಅಲ್ಲಿ ಮೊದಲ ಸಿಗ್ನಲ್ ಹಿಡಿದಾಗಿನಿಂದಲೋ? ಡೇಟಾ ಮುಗಿದರೆ ಮತ್ತೆ ತುಂಬಿಸಲು ಬರುತ್ತದೆಯೋ? ಯಾವ ದೇಶದಲ್ಲಿ ಯಾವ ನೆಟ್‌ವರ್ಕ್?

ಒಂದು ಗಂಟೆಯಲ್ಲಿ ಹನ್ನೊಂದು ಪ್ಲ್ಯಾನ್ ಬರೆದಿದ್ದಳು. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವಳು ತೆರೆದು ನೋಡಿದ್ದರಲ್ಲಿ ಮೊದಲ ಮೂರು ದೇಶ ಕೊಡುವ ಒಳ್ಳೆಯ ಪ್ಲ್ಯಾನ್‌ಗಳು ಹತ್ತು ಇದ್ದವು. ಮ್ಯಾನ್ಮಾರ್ ಸೇರಿದ್ದು ಒಂದೇ ಒಂದು. ಅದೂ ದುಬಾರಿ, ನಿಧಾನ.

ಮೇಡಂಗೆ ಸಂದೇಶ ಕಳಿಸಿದಳು. "ಮ್ಯಾನ್ಮಾರ್ ಬಿಟ್ಟರೆ ಒಳ್ಳೆಯ ಪ್ಲ್ಯಾನ್ ಸಿಗುತ್ತದೆ. ಬಿಡಲಾ ಮೇಡಂ?"

ಉತ್ತರ ಅದೇ ನಿಮಿಷದಲ್ಲಿ ಬಂತು.

"ಬೇಡ. ಅದೊಂದು ಇರಲೇಬೇಕು. ಬೇಕಾದರೆ ಉಳಿದ ಮೂರು ಬಿಡು."

ಶಿವಲೀಲಾ ಅದನ್ನು ಎರಡು ಸಲ ಓದಿದಳು. ಕೆಲಸ ಬ್ಯಾಂಕಾಕಿನಲ್ಲಿ. ಟಿಕೆಟ್ ಬ್ಯಾಂಕಾಕಿಗೆ. ಹಾಗಿದ್ದೂ ಬ್ಯಾಂಕಾಕ್ ಇರುವ ದೇಶವನ್ನೇ ಬಿಡಬಹುದು ಎಂದರೆ...

ಯೋಚನೆ ಮುಗಿಯುವ ಮೊದಲೇ ಇನ್ನೊಂದು ಸಂದೇಶ. ಅಲ್ಫಿಯಾಳಿಂದ.

"ಮೇಡಂ ಹೇಳಿದ ಹಾಗೆ ಮಾಡು. ಇಲ್ಲಿ ಎಲ್ಲವೂ ಚೆನ್ನಾಗಿದೆ. ಬೇಗ ಬಾ."

ಅಲ್ಫಿಯಾ ಹೀಗೆ ಬರೆಯುವವಳಲ್ಲ. 'ಹೆಂಗದೀಯವಾ ಹುಚ್ಚಿ' ಎಂದು ಶುರು ಮಾಡುವವಳು. ಎರಡು ತಿಂಗಳಿಂದ ಅವಳು ಒಮ್ಮೆಯೂ ಫೋನ್ ಮಾಡಿರಲಿಲ್ಲ, ಬರೀ ಬರೆಯುತ್ತಿದ್ದಳು. ಕೆಲಸ ಜಾಸ್ತಿ ಇರಬೇಕು ಎಂದುಕೊಂಡಿದ್ದಳು ಶಿವಲೀಲಾ. ಈಗಲೂ ಹಾಗೆಯೇ ಅಂದುಕೊಳ್ಳಲು ನೋಡಿದಳು.

ಪ್ಲ್ಯಾನ್ ಕೊಳ್ಳುವ ಗುಂಡಿಯ ಮೇಲೆ ಬೆರಳು ಬಂದು ನಿಂತಿತು. ಒತ್ತಲಾಗಲಿಲ್ಲ.

*

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಲ್ಯಾಬಿನ ಕಿಟಕಿಯ ಮುಂದೆ ಕಲ್ಲೇಶ ನಿಂತಿದ್ದ. ಕೈಯಲ್ಲಿ ಮಡಚಿದ ಒಂದು ಕಾಗದ.

"ರಕ್ತಾ ಕೊಡಾಕ ಬಂದೀರೇನು?" ಎಂದಳು, ಮುಖ ಗಂಟಿಕ್ಕಿ.

"ತೊಗೋತೀನಂದ್ರ ಅದೂ ಕೊಡ್ತೇನಿ. ಮೊದಲ ಎರಡು ಮಾತು ಕೇಳ್ರಿ."

"ನಿಮ್ಮ ಮಾತು ನಂಬಾಕ ನನಗ ಒಂದ ಕಾರಣ ಹೇಳ್ರಿ."

"ಅದನ್ನ ಮಾಡಿಕೊಂಡು ಬಂದೇನಿ." ಅವನು ಸಾವಕಾಶವಾಗಿ ಹೇಳಿದ, ಬಾಯಿಪಾಠ ಮಾಡಿಕೊಂಡು ಬಂದವನಂತೆ. "ಈಗ ದುರ್ಗದಬೈಲಿಗೆ ಹೋಗಿದ್ದೆ. ನಿಮ್ಮ ತಂಗಿ ಸಂಬಂಧ ನನಗ ಬ್ಯಾಡ ಅಂತ ನಿಮ್ಮಣ್ಣಗ ಹೇಳಿ ಬಂದೇನಿ. ನೀವು ಇದ್ರೂ, ಹೋದ್ರೂ, ಇನ್ನ ನನಗ ಬರೂದೇನೂ ಇಲ್ಲ. ಈಗರೆ ಕೇಳ್ರಿ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು.

ಅಣ್ಣನಿಗೆ ಫೋನ್ ಹಚ್ಚಿದಳು. ಶಿವಯೋಗೀಶನ ದನಿ ಸಿಟ್ಟಿನಿಂದ ಒಡೆದಿತ್ತು. "ಗಿರಾಕಿ ಮುಂದ ನಿಂತು ಬ್ಯಾಡ ಅಂದು ಹೋದ, ಲೀಲಾ. ಕಾರಣಾ ಕೇಳಿದ್ರ ಕಾರಣಾ ಇಲ್ಲ ಅಂದ. ಇನ್ನ ಅವನ ಹೆಸರು ಈ ಮನ್ಯಾಗ ತಗೀಬ್ಯಾಡ."

ಫೋನ್ ಇಟ್ಟಳು. ಕಿಟಕಿಯ ಆಚೆ ಅವನು ಹಾಗೆಯೇ ನಿಂತಿದ್ದ. ಕಣ್ಣಿನ ಕೆಳಗೆ ಕಪ್ಪು. ಎರಡು ದಿನದಿಂದ ನಿದ್ದೆ ಮಾಡಿದ ಹಾಗಿರಲಿಲ್ಲ.

*ತನ್ನ ಮಾತು ನಾನು ನಂಬಲಿ ಅಂತ, ತಾನು ಬೇಡಿದ್ದನ್ನೇ ಬಿಟ್ಟು ಬಂದನೇ...*

"ಒಳಗ ಬರ್ರಿ," ಎಂದಳು.

ಅವನು ಕಾಗದ ಬಿಚ್ಚಿದ. ಇ-ಸಿಮ್ ಮಾರುವವರಿಗೆ ಕಾಣುವ ಪುಟದ ಮುದ್ರಣ ಅದು. ಯಾವ ಪ್ಲ್ಯಾನ್ ಯಾವಾಗ ಶುರುವಾಯಿತು, ಎಷ್ಟು ಡೇಟಾ ಖರ್ಚಾಯಿತು, ಯಾವ ದಿನ ಯಾವ ದೇಶದ ನೆಟ್‌ವರ್ಕ್ ಹಿಡಿಯಿತು, ಎಲ್ಲ ಅದರಲ್ಲಿತ್ತು. ಮೇಲೆ ಹೆಸರು: ಅಲ್ಫಿಯಾ.

ಶಿವಲೀಲಾ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡಳು. "ನಮ್ಮ ಅಲ್ಫಿಯಾ?"

"ಹೌದ್ರಿ. ನನ್ನ ಕಡೇನ ತೊಗೊಂಡ್ರು. ನಾನ ನನ್ನ ಕೈಲೆ ಹಾಕಿ ಕೊಟ್ಟೆ." ಅವನ ಬೆರಳು ಸಾಲಿನಿಂದ ಸಾಲಿಗೆ ಸರಿಯಿತು. "ಮೊದಲನೇ ದಿನ ಬ್ಯಾಂಕಾಕ್. ಎರಡನೇ ದಿನಾನೂ. ಮೂರನೇ ದಿನ ಥೈಲ್ಯಾಂಡಿನ ನೆಟ್‌ವರ್ಕ, ಆದ್ರ ಬರ್ತಾ ಹೋಗ್ತಾ ಐತಿ, ಗಾಡ್ಯಾಗ ದೂರ ಹೊಂಟವರದ್ದು ಇರತೈತಲ್ಲ, ಹಂಗ. ನಾಕನೇ ದಿನ ಮ್ಯಾನ್ಮಾರ್. ಹತ್ತು ನಿಮಿಷ. ಅಲ್ಲಿಗೆ ನಿಂತೈತಿ. ಹತ್ತು ಜಿಬಿಯಾಗ ಒಂಬತ್ತು ಹಂಗ ಉಳದೈತಿ."

"ಆಮೇಲೆ?"

"ಆಮೇಲೆ ಇಲ್ರಿ. ಪರದೇಶಕ್ಕ ಹೋದವರು ಡೇಟಾ ಉಳಿಸೂದು ನಾ ನೋಡಿಲ್ಲ."

ಲ್ಯಾಬಿನ ಮೂಲೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಿತ್ತು.

"ಆಕಿ ಅಪ್ಪ ಯಾಕೂಬಸಾಬ ಕಾಕಾಗ ಹೇಳಿದ್ರೇನು?"

"ಹೇಳಿದೆ. ಮಗಳು ದಿನಾ ಮೆಸೇಜ್ ಮಾಡ್ತಾಳ, ಆಕಿ ಹೆಸರು ಕೆಡಸಬ್ಯಾಡ ಅಂತ ಕೈ ಮುಗದ್ರು. ಆಕಿ ಹೊಸಾ ಸಿಮ್ ತೊಗೊಂಡಿರಬಹುದು. ಗಡಿ ಹತ್ರ ಇದ್ರ ಆ ಕಡೆ ಸಿಗ್ನಲ್ ತಾನ ಹಿಡೀತೈತಿ, ಅದೂ ಇರಬಹುದು. ನನಗ ಖಾತ್ರಿ ಇಲ್ಲ ಅಂದೆನಲ್ರಿ, ಅದು ಖರೇನ." ಅವನು ಒಂದು ಉಸಿರು ಬಿಟ್ಟ. "ಆದ್ರ ಅದ ಪಟ್ಟಿ ಹಿಡಕೊಂಡು ನೀವು ಬಂದ್ರಿ."

ಮೆಸೇಜುಗಳು ಅಲ್ಫಿಯಾಳ ಹೆಸರಿನಲ್ಲಿ ಬರುತ್ತಿವೆ. ಬರೆಯುತ್ತಿರುವವರು ಅಲ್ಫಿಯಾನೇನಾ? ಊಹೆಯಿಂದ ಯಾವುದೂ ತಿಳಿಯುವುದಿಲ್ಲ. ಪರೀಕ್ಷೆ ಮಾಡಬೇಕು.

ಅವಳು ಬೆಂಚಿನ ಮೇಲಿದ್ದ ಸೆಂಟ್ರಿಫ್ಯೂಜ್ ಕಡೆ ನೋಡಿದಳು. ರಕ್ತದ ಟ್ಯೂಬುಗಳನ್ನು ಗರಗರ ತಿರುಗಿಸಿ ನೀರಿನಂಥ ಭಾಗವನ್ನು ಬೇರೆ ಮಾಡುವ ಮಿಷಿನ್. ಕೆಲಸಕ್ಕೆ ಸೇರಿದ ಮೊದಲ ವಾರ ಶಿವಲೀಲಾ ಅದರಲ್ಲಿ ಒಂದೇ ಒಂದು ಟ್ಯೂಬ್ ಇಟ್ಟು ಶುರು ಮಾಡಿದ್ದಳು. ಮಿಷಿನ್ ಬೆಂಚಿನ ಮೇಲೆ ಕುಣಿಯುತ್ತಾ ಅಂಚಿಗೆ ಬಂದಿತ್ತು. ಅಲ್ಫಿಯಾ ಓಡಿ ಬಂದು ಪ್ಲಗ್ ಕಿತ್ತು, ತಲೆಯ ಮೇಲೆ ಮೊಟಕಿ ಹೇಳಿದ್ದಳು: ಎದುರಿನ ಕುಳಿಯಲ್ಲಿ ಅಷ್ಟೇ ತೂಕದ ನೀರಿನ ಟ್ಯೂಬ್ ಇಡಬೇಕು, ಇಲ್ಲದಿದ್ದರೆ ಮಿಷಿನ್ ತನ್ನನ್ನು ತಾನೇ ಒಡೆದುಕೊಳ್ಳುತ್ತದೆ. ಒಂದು ದಿನ ಲ್ಯಾಬಿನಲ್ಲಿ ದುಡಿದವರೂ ಇದನ್ನು ಮರೆಯುವುದಿಲ್ಲ.

ಶಿವಲೀಲಾ ಬರೆದಳು. "ಅಲ್ಫಿಯಾ, ಸೆಂಟ್ರಿಫ್ಯೂಜಿನ್ಯಾಗ ಇವತ್ತ ಒಂದ ಸ್ಯಾಂಪಲ್ ಐತಿ. ಎದುರಿಗೆ ಏನ ಇಡಬೇಕಿತ್ತು? ಮರ್ತೇನಿ."

ಕಾದರು. ಕಲ್ಲೇಶ ನಿಂತೇ ಇದ್ದ. ಅವಳು ಸ್ಟೂಲು ತೋರಿಸಿದಳು. ಕೂರಲಿಲ್ಲ.

ಏಳು ನಿಮಿಷದ ಮೇಲೆ ಉತ್ತರ ಬಂತು.

"ಏನೂ ಇಡಬೇಡ. ಒಂದೇ ಟ್ಯೂಬ್ ಇಟ್ಟು ಜೋರಾಗಿ ತಿರುಗಿಸು. ಇಲ್ಲಿ ನಾನು ಹಾಗೇ ಮಾಡುತ್ತಿದ್ದೇನೆ."

ಶಿವಲೀಲಾ ಫೋನನ್ನು ಅವನ ಕೈಗೆ ಕೊಟ್ಟಳು.

"ತಪ್ಪೇನ್ರಿ ಇದು?"

"ತಪ್ಪು. ಒಂದೋ ಇದು ಅಲ್ಫಿಯಾ ಅಲ್ಲ. ಇಲ್ಲಾ..." ಅವಳು ಬಗ್ಗಿ ಮತ್ತೊಮ್ಮೆ ಓದಿದಳು. "ಇಲ್ಲಾ ಆಕೀನ, ಬೇಕಂತ ತಪ್ಪ ಹೇಳ್ಯಾಳ. ಮಗ್ಗಲ್ದಾಗ ಯಾರೋ ನಿಂತು ಓದಾಕತ್ತಾರ. ಅವರಿಗೆ ತಿಳೀದಂಗ ನನಗ ತಿಳಿಸ್ಯಾಳ."

ಅವನ ಕೈಯಲ್ಲಿದ್ದ ಫೋನು ಮತ್ತೆ ಮಿನುಗಿತು. ಈ ಸಲ ಮೇಡಂ.

"ಅಲ್ಫಿಯಾಗೆ ಕೆಲಸದ ವಿಷಯ ಕೇಳಬೇಡ. ಏನಿದ್ದರೂ ನನ್ನನ್ನು ಕೇಳು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಪ್ರಶ್ನೆ ಹೋದದ್ದು ಅಲ್ಫಿಯಾಳ ನಂಬರಿಗೆ ಮಾತ್ರ.

*

ಗುರುವಾರ ಇಬ್ಬರೂ ಯಾಕೂಬಸಾಬರ ಗಾದಿ ಅಂಗಡಿಗೆ ಹೋದರು. ಅಲ್ಫಿಯಾಳ ತಂದೆ ಹತ್ತಿಯ ರಾಶಿಯ ನಡುವೆ ಕೂತು ದೊಡ್ಡ ಸೂಜಿಯಿಂದ ಗಾದಿ ಹೊಲಿಯುತ್ತಿದ್ದರು. ಕಲ್ಲೇಶನನ್ನು ಕಂಡು ಮುಖ ತಿರುಗಿಸಿದರು.

"ಕಾಕಾ, ನನ್ನ ಮಾತು ಕೇಳ್ರಿ," ಎಂದು ಶಿವಲೀಲಾ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಒಂಟಿ ಟ್ಯೂಬಿನ ವಿಷಯ ಎರಡು ಸಲ ಬಿಡಿಸಿ ಹೇಳಬೇಕಾಯಿತು.

ಮುದುಕ ಸೂಜಿಯನ್ನು ಗಾದಿಗೆ ಚುಚ್ಚಿಟ್ಟರು.

"ನನಗ ಗೊತ್ತಿತ್ತು ಬೇಟಾ," ಎಂದರು. "ಈದ್ ದಿನಾ ಸೈತ ಫೋನ್ ಮಾಡಲಿಲ್ಲ ಆಕಿ. ಬಾಯಿ ಬಿಟ್ಟು ಅಂದ್ರ ಖರೇ ಆಗತೈತಿ ಅಂತ ಸುಮ್ಮನಿದ್ದೆ. ಈ ಹುಡುಗನ್ನೂ ಸುಮ್ಮನಿರಿಸಿದೆ."

ಅವರು ಎದ್ದು ಬಾಗಿಲು ಹಾಕಿದರು. ಮೂವರೂ ಸೈಬರ್ ಪೊಲೀಸರ ಬಳಿ ಹೋದರು. ಕಲ್ಲೇಶನ ಕಾಗದ, ಶಿವಲೀಲಾಳ ನೋಟ್‌ಬುಕ್ಕಿನ ಹಾಳೆ, ಮೇಡಂಳ ಸಂದೇಶಗಳು, ಎಲ್ಲ ಒಂದು ಕಡತದಲ್ಲಿ ಸೇರಿದವು. ಮ್ಯಾನ್ಮಾರ್ ಗಡಿಯ ಊರುಗಳಲ್ಲಿ ಜನರನ್ನು ಕೂಡಿಹಾಕಿ, ಫೋನಿನಲ್ಲಿ ಬೇರೆಯವರನ್ನು ಮೋಸ ಮಾಡಿಸುತ್ತಾರೆ ಎಂದು ಅಧಿಕಾರಿ ಹೇಳಿದ. ಹೊಸಬರನ್ನು ಕರೆಸಲು ಹಳಬರಿಂದಲೇ ಬರೆಸುತ್ತಾರೆ ಎಂದೂ ಹೇಳಿದ.

ಬೆಂಚಿನ ಮೇಲೆ ನಾಲ್ಕು ತಾಸು ಕಳೆದವು. ಕಲ್ಲೇಶ ಹೊರಗೆ ಹೋಗಿ ಚುರಮುರಿಯ ಗಿರಮಿಟ್ ಕಟ್ಟಿಸಿಕೊಂಡು ಬಂದ. ಅವಳ ಪೊಟ್ಟಣದಿಂದ ಮಾತ್ರ ಹಸಿಮೆಣಸಿನಕಾಯಿ ತೆಗೆಸಿದ್ದ.

"ನಾ ಖಾರಾ ತಿನ್ನಂಗಿಲ್ಲ ಅಂತ ನಿಮಗ ಯಾರು ಹೇಳಿದ್ರು?"

"ನಮ್ಮ ಸಾಲಿನ ಗಿರಮಿಟ್ ಗಾಡಿ ಮುಂದ ನೀವು ದಿನಾ ಜಗಳಾ ಮಾಡ್ತೀರಲ್ರಿ. ಅಂಗಡಿತನ ಕೇಳಸ್ತೈತಿ."

ಆ ನಾಲ್ಕು ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಅಂದು ಮನೆಗೆ ಬಂದವಳೇ ಎಲ್ಲವನ್ನೂ ಅಣ್ಣನಿಗೆ ಹೇಳಿದಳು. ಕಲ್ಲೇಶ ಸಂಬಂಧ ಬೇಡ ಎಂದದ್ದು ಏಕೆ ಎಂಬುದೊಂದನ್ನು ಬಿಟ್ಟು. ಅದು ಅವನೇ ಹೇಳಬೇಕಾದ ಮಾತು ಎಂದುಕೊಂಡಳು. ಶಿವಯೋಗೀಶ ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿ ಕುಸಿದ.

ಶನಿವಾರ ಮಧ್ಯಾಹ್ನ ಅವಳು ಹತ್ತಬೇಕಿದ್ದ ವಿಮಾನ ಗೋಕುಲ ರಸ್ತೆಯ ಮನೆಗಳ ಮೇಲೆ ಹಾದುಹೋಯಿತು. ಕಿಟಕಿಯ ಗಾಜು ಅದುರಿತು. ಸದ್ದು ಅಡಗಿದ ಮೇಲೆ ಫೋನು ನೋಡಿದಳು.

"ಎಲ್ಲಿದ್ದೀಯ?"

"ವಿಮಾನದಲ್ಲಿ ನೀನಿಲ್ಲ."

"ನಿನ್ನ ಪಾಸ್‌ಪೋರ್ಟಿನ ಪ್ರತಿ ನಮ್ಮ ಹತ್ತಿರ ಇದೆ. ಮನೆಯ ವಿಳಾಸ ಇದೆ."

ಆಮೇಲೆ ಮೇಡಂಳ ಚಿತ್ರ ಮಾಯವಾಯಿತು. ಅಲ್ಫಿಯಾಳ ಚಿತ್ರವೂ ಮಾಯವಾಯಿತು.

*

ಆರು ವಾರ ಶಿವಲೀಲಾ ಗೇಟಿನ ಸದ್ದಿಗೆಲ್ಲ ಬೆಚ್ಚಿದಳು. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತುತ್ತಿರಲಿಲ್ಲ. ತಾನು ಕೇಳಿದ ಪ್ರಶ್ನೆಗಾಗಿ ಅಲ್ಲಿ ಅಲ್ಫಿಯಾಳನ್ನು ಏನು ಮಾಡಿದರೋ... ಆ ಯೋಚನೆ ಟ್ಯೂಬಿಗೆ ಹೆಸರು ಬರೆಯುವಾಗಲೂ ಬಿಡುತ್ತಿರಲಿಲ್ಲ.

ಕಲ್ಲೇಶ ಒಮ್ಮೆಯೂ ಫೋನ್ ಮಾಡಲಿಲ್ಲ. ಪೊಲೀಸರಿಂದ ಏನಾದರೂ ತಿಳಿದರೆ ಒಂದು ಸಾಲು ಬರೆಯುತ್ತಿದ್ದ, ಅಷ್ಟೇ. ಅವಳು ಅಂಗಡಿಯ ಮುಂದೆ ಹೋದರೆ ಎದ್ದು ನಿಲ್ಲುತ್ತಿದ್ದ. ಮಾತಾಡುತ್ತಿರಲಿಲ್ಲ.

*ಬೇಡ ಅಂದದ್ದು ನಿಜವಾಗಿಯೂ ಬೇಡವೇ ಆಯಿತೇನೋ,* ಎಂದುಕೊಂಡಳು. *ಒಬ್ಬಳ ಜೀವ ಉಳಿಸಿದ, ಮುಗೀತು. ಹೆದರಿಸಬೇಡ ಅಂತ ಬರೆದವಳನ್ನ ಯಾರು ಬಯಸುತ್ತಾರೆ?*

ಏಳನೇ ವಾರ ಯಾಕೂಬಸಾಬ ಲ್ಯಾಬಿಗೆ ಓಡಿ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಲ್ಲಿಂದ ಬಿಡಿಸಿ ಗಡಿ ದಾಟಿಸಿ ಕರೆತಂದವರ ಪಟ್ಟಿ ಪೊಲೀಸರಿಗೆ ಬಂದಿತ್ತು, ಅದರಲ್ಲಿ ಅಲ್ಫಿಯಾಳ ಹೆಸರಿತ್ತು. ಜೀವಂತ. ಥೈಲ್ಯಾಂಡಿನ ಒಂದು ಶಿಬಿರದಲ್ಲಿದ್ದಾಳೆ. ಮರಳಿ ಬರಲು ಇನ್ನೂ ದಿನ ಹಿಡಿಯುತ್ತದೆ.

"ಎರಡು ಮಾತು ಆಡಿದ್ಲು. ದನಿ ಗುರ್ತ ಹತ್ತಲಿಲ್ಲ ಬೇಟಾ." ಅವರು ಮೂಗು ಒರೆಸಿಕೊಂಡರು. "ನಾಳೆ ನಾಕಕ್ಕ ನಿನಗ ಹಚ್ಚತಾಳಂತ. ನಿನ್ನ ಕೂಡ ಮಾತಾಡಬೇಕಂತ."

ಮರುದಿನ ಭಾನುವಾರ ಮೂರೂವರೆಗೆ ಶಿವಲೀಲಾ ಕಲ್ಲೇಶನ ಅಂಗಡಿಯ ಮೆಟ್ಟಿಲು ಹತ್ತಿದಳು. ಗಿರಾಕಿಗಳಿರಲಿಲ್ಲ. ಅವನು ಎದ್ದು ನಿಂತ.

"ಕುಂದರ್ರಿ," ಎಂದಳು. "ನಾಕಕ್ಕ ಆಕಿ ಫೋನ್ ಬರತೈತಿ. ಒಬ್ಬಾಕಿನ ಎತ್ತಾಕ ನನಗ ಧೈರ್ಯಾ ಇಲ್ಲ."

"ನಿಮ್ಮಣ್ಣ..."

"ಅಣ್ಣ ನಿಮ್ಮ ಹೆಸರ ತಗದ್ರ ಉಣ್ಣೂದು ಬಿಟ್ಟು ಏಳ್ತಾನ. ಅದನ್ನ ಆಮೇಲೆ ನೋಡೂಣು."

ಅವನು ಕೂತ. ನಡುವೆ ಕೌಂಟರಿನ ಗಾಜು.

"ಬಾ ಅಂತ ನನಗ ಬರದಾಕಿ ಆಕೀನ ಏನು?" ಶಿವಲೀಲಾ ತನ್ನಷ್ಟಕ್ಕೆ ಎಂಬಂತೆ ಕೇಳಿದಳು. "ಹೊಡದು ಬರಸಿದ್ರೋ, ಆಕೀನ ಬರದ್ಲೋ. ಆರು ವಾರದಿಂದ ಅದ ತಲ್ಯಾಗ ಕೊರೀತೈತಿ. ಕೇಳಲ್ಯಾ?"

"ನಿಮಗ ತಿಳಕೊಂಡು ಏನು ಮಾಡೂದೈತ್ರಿ?"

ಅವಳು ಯೋಚಿಸಿದಳು. "ಏನೂ ಇಲ್ಲ. ಕೊನೀಗೆ ಆ ಟ್ಯೂಬಿನ ಮಾತು ತಪ್ಪ ಹೇಳಿ ಬರಬ್ಯಾಡ ಅಂದಾಕೀನೂ ಆಕೀನ."

"ಹಂಗಾದ್ರ ಕೇಳಬ್ಯಾಡ್ರಿ. ಊಟಾ ಆತೇನು ಅಂತ ಕೇಳ್ರಿ."

ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಹೊರಗೆ ಒಂದು ಆಟೋ ನಿಂತು, ಹೋಯಿತು. ಇಬ್ಬರೂ ಬೆಚ್ಚಿ ಬಾಗಿಲ ಕಡೆ ನೋಡಿದರು.

"ಯಾಕ ಒಮ್ಮೆಯೂ ಫೋನ್ ಮಾಡಲಿಲ್ಲ?" ಎಂದಳು.

ಕಲ್ಲೇಶ ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದ. "ಮಾಡಿದ್ರ, ನನ್ನ ಪಡಕೊಳ್ಳಾಕ ಅಂವಾ ಇದೆಲ್ಲಾ ಮಾಡಿದ ಅಂತಿದ್ರಿ. ನೀವು ಅನ್ನದಿದ್ರೂ ನನಗ ಹಂಗ ಅನಸ್ತಿತ್ತು. ನಿಮ್ಮಣ್ಣನ ಅಂಗಡಿ ಮೆಟ್ಟಿಲಾ ಇಳಿಯೂ ಮುಂದ ಎರಡು ಸಲ ತಿರುಗಿ ನೋಡಿದೆ. ಆದ್ರ ನೀವು ಆ ವಿಮಾನ ಹತ್ತಿದ್ರ, ದಿನಾ ಈ ಕಂಪ್ಯೂಟರ್ ತಗದು ನಿಮ್ಮ ಹೆಸರಿನ ಮುಂದ ಯಾವ ದೇಶಾ ಬಂತು ಅಂತ ನೋಡಿಕೋತ ಕುಂದರಬೇಕಾಗ್ತಿತ್ತು. ಒಂದು ದಿನ ಅದೂ ನಿಲ್ತಿತ್ತು. ಅದಕ್ಕಿಂತ, ನೀವು ಇದ ಊರಾಗ ಇನ್ನೊಬ್ಬರ ಮನ್ಯಾಗ ಇದ್ರೂ ಛಲೋ ಅನಿಸ್ತು."

ಅವಳ ಕಣ್ಣು ತುಂಬಿದವು. ಒರೆಸಿಕೊಳ್ಳಲಿಲ್ಲ.

"ನನ್ನ ಕೇಳದ ನಮ್ಮಣ್ಣನ್ನ ಕೇಳಿದ್ರಿ. ನನ್ನ ಕೇಳದ ಬ್ಯಾಡ ಅಂದ್ರಿ," ಎಂದಳು. "ಈಗರೆ ನನ್ನ ಕೇಳ್ರಿ."

ಅವನು ತಲೆ ಎತ್ತಿದ. ಬಾಯಿ ತೆರೆದ.

ಫೋನು ಬಡಿದುಕೊಂಡಿತು. ಪರದೆಯ ಮೇಲೆ ಗೊತ್ತಿಲ್ಲದ ದೇಶದ ಉದ್ದನೆಯ ನಂಬರು. ಶಿವಲೀಲಾಳ ಬೆರಳು ಮುಂದಕ್ಕೆ ಹೋಗಲೊಲ್ಲದು. ಆಚೆಯಿಂದ ಬರುವ ದನಿ ಯಾವ ದನಿಯೋ...

"ಎತ್ರಿ," ಎಂದ ಮೆಲ್ಲಗೆ.

"ಕೈ ಕೊಡ್ರಿ ಮೊದಲ."

ಗಾಜಿನ ಮೇಲಿಂದ ಅವನ ಕೈ ಬಂತು. ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

"ನೀವು ಕೇಳಬೇಕಂತ ಮಾಡಿದ್ದಕ್ಕ ನಂದು ಹೂಂ ಐತಿ," ಎಂದು ಒಂದೇ ಉಸಿರಿನಲ್ಲಿ ಹೇಳಿ, ಇನ್ನೊಂದು ಕೈಯಿಂದ ಫೋನ್ ಎತ್ತಿದಳು.

"ಅಲ್ಫಿಯಾ... ನಾನವಾ. ಊಟಾ ಆತೇನು?"